ಮಾಂಸವಿಲ್ಲದೆ ಮಾಂಸದ ಘಮ

ಬಾದಾಮಿ ಸಮೀಪದ ಬನಶಂಕರಿ ಗುಡಿಗೆ ಹೋದವರಿಗೆ ಆ ಊಟ ಗೊತ್ತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಹೊತ್ತು ತಂದು ಯಾತ್ರಿಕರಿಗೆ ಬಡಿಸುತ್ತಾರೆ. ಮಾಂಸದ ಸೋಂಕೂ ಇಲ್ಲದ ಊಟವಿದು. ಆದರೆ ಹುರಿದ ಶೇಂಗಾದ ಘಮಕ್ಕೂ ಕೆಂಡದ ಮೇಲೆ ಸುಟ್ಟ ಮಾಂಸದ ಘಮಕ್ಕೂ ಮೂಲ ಒಂದೇ.

ಆ ಮೂಲವನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಸಕ್ಕರೆಯೊಡನೆ ಕಾದಾಗ ಕಂದು ಬಣ್ಣ ಹುಟ್ಟುತ್ತದೆ. ಜತೆಗೆ ನೂರಾರು ಬಗೆಯ ಪರಿಮಳ. ಕುದಿಸಿದ ಶೇಂಗಾಕ್ಕೆ ಆ ವಾಸನೆ ಇರುವುದಿಲ್ಲ. ನೀರು ಇರುವವರೆಗೆ ಕಾವು 100 ಡಿಗ್ರಿ ದಾಟದು. ಹಂಚಿನ ಮೇಲೆ ಅದು 140 ಡಿಗ್ರಿ ಮೀರಿದಾಗ ಕ್ರಿಯೆ ಬಿರುಸಾಗುತ್ತದೆ.

ಹಾಗಾದರೆ ಶೇಂಗಾ ಮಾಂಸದಂತೆಯೇ ಏಕೆ ನಾರುವುದಿಲ್ಲ? ವ್ಯತ್ಯಾಸ ಗಂಧಕದ್ದು. ಮಾಂಸದ ವಾಸನೆಗೆ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲ ಮುಖ್ಯ. ಶೇಂಗಾದಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳು ಕಡಿಮೆ. ಆ ಕೊರತೆಯನ್ನು ತುಸು ತುಂಬುವುದು ಉಳ್ಳಾಗಡ್ಡಿ, ಬೆಳ್ಳುಳ್ಳಿ. ಎರಡರಲ್ಲೂ ಗಂಧಕದ ಸಂಯುಕ್ತಗಳಿವೆ. ಇಳಕಲ್, ಹುನಗುಂದ, ಬಾಗಲಕೋಟೆಯ ಅಡುಗೆಮನೆಗಳಲ್ಲಿ ಇವನ್ನು ಹುರಿದ ಶೇಂಗಾ, ಎಳ್ಳು, ಕೊಬ್ಬರಿಯೊಡನೆ ಅರೆದು ಎಳೆಯ ಬದನೆಕಾಯಿಗೆ ತುಂಬಿ ಎಣ್ಣೆಗಾಯಿ ಮಾಡುತ್ತಾರೆ. ರಸಾಯನಶಾಸ್ತ್ರದ ಹೆಸರು ಕೇಳದೆಯೇ ನಾಲಿಗೆ ಅದನ್ನು ಕಲಿತಿತ್ತು.

ಈ ಪದಾರ್ಥಗಳೆಲ್ಲ ಚಾಲುಕ್ಯರ ಕಾಲದವಲ್ಲ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಬರುವ ಮುನ್ನ ಅವು ಇಲ್ಲಿರಲಿಲ್ಲ. ಬದನೆ ಮಾತ್ರ ಹಳೆಯದು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ, ಸಸ್ಯಾಹಾರಕ್ಕೇ ಮೀಸಲಾದ 'ಸೂಪಶಾಸ್ತ್ರ'ದಲ್ಲಿ ಬದನೆಯ ಅಡುಗೆಗಳಿಗೆ ವಿಶೇಷ ಸ್ಥಾನವಿದೆ.

ಕಾರ್ಖಾನೆಗಳು ಈ ದಾರಿ ಹಿಡಿದದ್ದು ತಡವಾಗಿ. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂಲಿಯಸ್ ಮ್ಯಾಗಿ ಸಸ್ಯ ಪ್ರೋಟೀನನ್ನು ಆಮ್ಲದಿಂದ ಒಡೆದು ಮಾಂಸದ ಸಾರಿನ ರುಚಿಯ ದ್ರವ ತಯಾರಿಸಿದ. 1960ರಲ್ಲಿ ಯೂನಿಲಿವರ್ ಸಂಶೋಧಕರು ಸಿಸ್ಟೀನನ್ನು ರೈಬೋಸ್ ಸಕ್ಕರೆಯೊಡನೆ ಕಾಯಿಸಿ ಮಾಂಸದ ಪರಿಮಳ ಪಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸೋಯಾ, ಗೋಧಿಯ ಪ್ರೋಟೀನಿನಿಂದ ಇಂಥ ಪರಿಮಳ ತಯಾರಿಸುವುದು ಇಂದು ದೊಡ್ಡ ಉದ್ಯಮ.

ತೊಡಕೂ ಇಲ್ಲಿದೆ. ಸಿಸ್ಟೀನನ್ನು ಸೂಕ್ಷ್ಮಜೀವಿಗಳಿಂದ ಪಡೆಯಬಹುದು. ಹಕ್ಕಿಪುಕ್ಕ, ಪ್ರಾಣಿಗಳ ಕೂದಲಿನಿಂದಲೂ ತೆಗೆಯುತ್ತಾರೆ. ಮೂಗಿಗೆ ಎರಡೂ ಒಂದೇ. ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮವಿರುವ ಈ ನೆಲದಲ್ಲಿ ಮಾಂಸ ಮುಟ್ಟದ ಮನೆಗಳು ಬಹಳ. ಅಂಥವರು ಮಾಂಸದ ಘಮ ಬಂತೆಂದು ಅಂಜಬೇಕಿಲ್ಲ, ಬರಲಿಲ್ಲವೆಂದು ನಂಬಬೇಕಿಲ್ಲ. ಪೊಟ್ಟಣದ ಮೇಲಿನ ಹಸಿರು ಗುರುತು ಹೇಳುವುದು ವಾಸನೆಯನ್ನಲ್ಲ, ಮೂಲವನ್ನು. ಬನಶಂಕರಿಯ ಬುಟ್ಟಿಗೆ ಆ ಗುರುತು ಬೇಕಿಲ್ಲ. ಹುರಿದ ಕೈಯೇ ಎದುರಿಗೆ ಬಡಿಸುತ್ತಿರುತ್ತದೆ.