ಅಟ್ಟ ಸೇರಿದ ಸರಕು

ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಸಾಲಿನಲ್ಲಿ ಲ ಲೋಕ್ಲ್ ಎಂಬ ಪುಟ್ಟ ಊರಿದೆ. ಕೈಗಡಿಯಾರ ತಯಾರಿಸುವುದೇ ಆ ಊರಿನ ಕಸುಬು. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ಜೆನಿತ್ ಕಾರ್ಖಾನೆಯ ಹಿರಿಯ ಕುಶಲಕರ್ಮಿ ಶಾರ್ಲ್ ವೆರ್ಮೊ ಗುಟ್ಟಾಗಿ ಒಂದು ಕೆಲಸಕ್ಕೆ ಕೈಹಾಕಿದ್ದರು. ಕಾರ್ಖಾನೆಯ ಅಚ್ಚುಗಳು, ಪ್ರೆಸ್ಸುಗಳು, ಲೋಹ ಕತ್ತರಿಸುವ ಹತ್ಯಾರುಗಳು, ನಕ್ಷೆಗಳು - ಎಲ್ಲವನ್ನೂ ಅವರು ಸ್ವಲ್ಪಸ್ವಲ್ಪವಾಗಿ ಕಟ್ಟಡದ ಅಟ್ಟಕ್ಕೆ ಸಾಗಿಸಿದರು. ಒಂದೊಂದಕ್ಕೂ ಚೀಟಿ ಅಂಟಿಸಿದರು. ಯಾವುದು ಯಾವ ಕೆಲಸಕ್ಕೆ ಎಂಬುದನ್ನು ಬರೆದಿಟ್ಟರು. ಮಾಲೀಕರ ಆಜ್ಞೆ ಇದಕ್ಕೆ ತೀರಾ ವಿರುದ್ಧವಾಗಿತ್ತು. ಇವೆಲ್ಲ ಇನ್ನು ಬೇಡದ ಸಾಮಾನು, ತೂಕಕ್ಕೆ ಹಾಕಿ ಗುಜರಿಗೆ ಮಾರಬೇಕು ಎಂದು ಅವರು ಹೇಳಿದ್ದರು.

ಆ ಮಾಲೀಕರು ಇದ್ದದ್ದು ದೂರದ ಅಮೆರಿಕದ ಷಿಕಾಗೊದಲ್ಲಿ. ರೇಡಿಯೊ, ಟಿ.ವಿ. ತಯಾರಿಸುತ್ತಿದ್ದ ಆ ಕಂಪೆನಿಯ ಹೆಸರೂ ಜೆನಿತ್ ಎಂದೇ ಇತ್ತು. 1971ರಲ್ಲಿ ಅದು ಸ್ವಿಸ್ ಜೆನಿತನ್ನು ಕೊಂಡುಕೊಂಡಿತ್ತು. ಕೀಲಿ ಕೊಡುವ, ಸ್ಪ್ರಿಂಗಿನ ಬಲದಿಂದ ಓಡುವ ಗಡಿಯಾರಗಳ ಕಾಲ ಮುಗಿಯಿತೆಂದು ನಿರ್ಧರಿಸಿದ ಅದು 1975ರಲ್ಲಿ ಅವುಗಳ ತಯಾರಿಕೆಯನ್ನೇ ನಿಲ್ಲಿಸಲು ಹೇಳಿತು. ಸ್ವಲ್ಪ ಭಾಗವನ್ನಾದರೂ ಉಳಿಸಿಕೊಳ್ಳಿ ಎಂದು ವೆರ್ಮೊ ಬರೆದ ಪತ್ರದಿಂದ ಪ್ರಯೋಜನವಾಗಲಿಲ್ಲ. ಆಗ ಅವರಿಗೆ ಹೊಳೆದದ್ದು ಅಟ್ಟದ ದಾರಿ.

ಗುಜರಿಗೆ ಹೋಗಬೇಕಿದ್ದ ಆ ಹತ್ಯಾರುಗಳೇನೂ ಹಳೆಯ ಕಾಲದವಲ್ಲ. ಅವುಗಳಿಂದ ತಯಾರಾಗುತ್ತಿದ್ದ ‘ಎಲ್ ಪ್ರಿಮೆರೊ’ ಎಂಬ ಗಡಿಯಾರದ ಯಂತ್ರ ಲೋಕಕ್ಕೆ ಪರಿಚಯವಾದದ್ದು 1969ರ ಜನವರಿಯಲ್ಲಿ. ಗಂಟೆಗೆ 36,000 ಬಾರಿ ಮಿಡಿದು, ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಅಳೆಯಬಲ್ಲ ಅದು ಆ ಕಾಲಕ್ಕೆ ಅದ್ಭುತವೇ ಆಗಿತ್ತು. ಆದರೆ ಅದೇ ವರ್ಷದ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೀಕೊ ಕಂಪೆನಿ ‘ಆಸ್ಟ್ರಾನ್’ ಎಂಬ ಗಡಿಯಾರವನ್ನು ಮಾರಾಟಕ್ಕಿಟ್ಟಿತು. ಅದರೊಳಗಿದ್ದದ್ದು ಬ್ಯಾಟರಿ ಮತ್ತು ಕ್ವಾರ್ಟ್ಜ್ ಹರಳು. ತಿಂಗಳಿಗೆ ಐದು ಸೆಕೆಂಡಿನಷ್ಟು ಮಾತ್ರ ಆಚೀಚೆ ಆಗುತ್ತಿದ್ದ ಅದರ ಎದುರು ಎಂತಹ ನುರಿತ ಕುಶಲಕರ್ಮಿಯ ಗಡಿಯಾರವೂ ಸೋಲಲೇಬೇಕಿತ್ತು. ಎರಡು ಗಡಿಯಾರಗಳ ನಡುವಿನ ಅಂತರ ಹನ್ನೊಂದೇ ತಿಂಗಳು.

ಅಕ್ಕಿಗೆ ಹುಳ ಬೀಳುತ್ತದೆ, ಬೆಲ್ಲ ನೀರೊಡೆಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ನಷ್ಟಗಳು. ಉಗ್ರಾಣದ ಸರಕಿಗೆ ಬರುವ ಇನ್ನೊಂದು ಕಾಯಿಲೆ ಕಾಣುವುದಿಲ್ಲ. ಪೆಟ್ಟಿಗೆ ಒಡೆದಿರುವುದಿಲ್ಲ, ಮಾಲು ಕೆಟ್ಟಿರುವುದಿಲ್ಲ, ಹೊಳಪು ಮಾಸಿರುವುದಿಲ್ಲ. ಆದರೂ ಅದು ಯಾರಿಗೂ ಬೇಡವಾಗಿರುತ್ತದೆ. ವ್ಯಾಪಾರಿಗಳು ಇದನ್ನು ‘ಚಾಲ್ತಿ ತಪ್ಪಿದ ಮಾಲು’ ಎನ್ನುತ್ತಾರೆ. ದಾಸ್ತಾನು ನೋಡಿಕೊಳ್ಳುವವರಿಗೆ ಇದರಷ್ಟು ತಲೆನೋವು ತರುವ ವಿಷಯ ಬೇರೊಂದಿಲ್ಲ. ಏಕೆಂದರೆ ರೋಗವಿರುವುದು ಮಾಲಿನಲ್ಲಲ್ಲ, ಹೊರಗಿನ ಲೋಕದಲ್ಲಿ. ಟೋಕಿಯೊದ ಅಂಗಡಿಯಲ್ಲಿ ನಡೆದದ್ದು ಲ ಲೋಕ್ಲ್‌ನ ಕಪಾಟಿನೊಳಗಿದ್ದ ಚಕ್ರಗಳಿಗೆ ಹೇಗೆ ತಿಳಿಯಬೇಕು?

ಹಾಗೆಂದು 1969ರ ಆ ದಿನವೇ ಸ್ವಿಸ್ ಗೋದಾಮುಗಳ ಮಾಲು ಸತ್ತುಹೋಯಿತೆಂದು ಹೇಳಿದರೆ ತಪ್ಪಾಗುತ್ತದೆ. ಆಸ್ಟ್ರಾನ್ ಬೆಲೆ 4,50,000 ಯೆನ್. ಆ ದುಡ್ಡಿಗೆ ಅಂದಿನ ಜಪಾನಿನಲ್ಲಿ ಒಂದು ಸಣ್ಣ ಕಾರು ಬರುತ್ತಿತ್ತು. ಅಂತಹ ಗಡಿಯಾರಕ್ಕೆ ಹೆದರಿ ಯಾವ ವ್ಯಾಪಾರಿ ತನ್ನ ಮಾಲನ್ನು ಗುಜರಿಗೆ ಹಾಕಿಯಾನು? ಹೊಸದು ಹುಟ್ಟಿದ ದಿನ ಹಳೆಯದು ಸಾಯುವುದಿಲ್ಲ. ಹೊಸದರ ಬೆಲೆ ಇಳಿದಂತೆಲ್ಲ ಅದು ಸಾಯುತ್ತಾ ಹೋಗುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕ್ವಾರ್ಟ್ಜ್ ಗಡಿಯಾರ ಜನಸಾಮಾನ್ಯರ ಕೈಗೆಟಕುವಷ್ಟು ಅಗ್ಗವಾಗಿತ್ತು. 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ 1980ರ ದಶಕದ ನಡುವಿಗೆ ಉಳಿದವರು ಸುಮಾರು ಮೂರನೇ ಒಂದು ಭಾಗ.

ಹಾಗಾದರೆ ಉಗ್ರಾಣದ ಗುಮಾಸ್ತ ಇದನ್ನು ಪತ್ತೆ ಹಚ್ಚುವುದು ಹೇಗೆ? ಅವನ ಕೈಲಿರುವುದು ದಾಸ್ತಾನು ಪುಸ್ತಕ ಒಂದೇ. ಅದರಲ್ಲಿ ಮಾಲು ಬಂದ ತಾರೀಖಿಗಿಂತ ಕೊನೆಯ ಬಾರಿ ಹೊರಗೆ ಹೋದ ತಾರೀಖೇ ಮುಖ್ಯ. ಭಾರತದ ಕಾರ್ಖಾನೆಗಳಲ್ಲಿ ಮಾಲನ್ನು ವೇಗವಾಗಿ ಓಡುವುದು, ನಿಧಾನವಾಗಿ ಓಡುವುದು, ಓಡದೇ ಇರುವುದು ಎಂದು ಮೂರು ಪಾಲು ಮಾಡುವ ರೂಢಿಯಿದೆ. ಮೂರು ತಿಂಗಳು ಅಲುಗದ ಮಾಲಿನ ಮೇಲೆ ಕಣ್ಣಿಡಬೇಕು, ಆರು ತಿಂಗಳಾದರೆ ಪ್ರಶ್ನೆ ಕೇಳಬೇಕು, ವರ್ಷ ಕಳೆದರೆ ಉತ್ತರ ಪಡೆಯಬೇಕು. ಕಪಾಟಿನಲ್ಲಿ ಸುಮ್ಮನೆ ಕುಳಿತ ಮಾಲು ಪುಕ್ಕಟೆ ಕುಳಿತಿರುವುದಿಲ್ಲ. ಜಾಗದ ಬಾಡಿಗೆ, ವಿಮೆ, ಸಾಲದ ಬಡ್ಡಿ ಎಲ್ಲ ಅದರ ತಲೆಯ ಮೇಲೆ ಬೀಳುತ್ತಲೇ ಇರುತ್ತವೆ.

ಪತ್ತೆಯಾದ ಮೇಲಿನ ಕೆಲಸ ಇನ್ನೂ ಕಷ್ಟದ್ದು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ 1981ರಲ್ಲಿ ಹೊರಡಿಸಿ 1999ರಲ್ಲಿ ಪರಿಷ್ಕರಿಸಿದ ನಿಯಮ ಹೇಳುವುದಿಷ್ಟು: ಮಾಲಿಗೆ ತಗುಲಿದ ವೆಚ್ಚ ಮತ್ತು ಅದನ್ನು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ಉದಾಹರಣೆ ನೋಡಬಹುದು. ತಲಾ 400 ರೂಪಾಯಿ ವೆಚ್ಚದ 1,000 ಗಡಿಯಾರಗಳಿವೆ ಎನ್ನೋಣ. ಪುಸ್ತಕದಲ್ಲಿ ಅವುಗಳ ಬೆಲೆ ನಾಲ್ಕು ಲಕ್ಷ. ಪೇಟೆಯಲ್ಲಿ ಈಗ ತಲಾ 150 ರೂಪಾಯಿ ಮಾತ್ರ ಸಿಗುತ್ತದೆ, ಮಾರುವ ಖರ್ಚು 30 ರೂಪಾಯಿ. ಅಂದರೆ ಕೈಗೆ ಬರುವುದು 1,20,000 ರೂಪಾಯಿ. ಉಳಿದ 2,80,000 ರೂಪಾಯಿಯನ್ನು ಈ ವರ್ಷದ್ದೇ ನಷ್ಟವೆಂದು ಬರೆಯಬೇಕು.

ಇಲ್ಲೇ ಮನುಷ್ಯನ ದೌರ್ಬಲ್ಯ ತಲೆ ಹಾಕುವುದು. ನಷ್ಟ ಬರೆದರೆ ಈ ವರ್ಷದ ಲಾಭ ಕುಸಿಯುತ್ತದೆ, ಮೇಲಿನವರು ಪ್ರಶ್ನಿಸುತ್ತಾರೆ. ಬರೆಯದಿದ್ದರೆ ನಾಲ್ಕು ಲಕ್ಷದ ಆಸ್ತಿ ಕಾಗದದ ಮೇಲೆ ಹಾಗೇ ಇರುತ್ತದೆ. ‘ಮುಂದಿನ ಹಬ್ಬಕ್ಕೆ ಓಡಬಹುದು’ ಎಂಬ ಸಮಾಧಾನವಂತೂ ಇದ್ದೇ ಇದೆ. ಹೀಗೆ ಮುಂದೂಡಿದ ನಷ್ಟ ಕರಗುವುದಿಲ್ಲ, ಬೆಳೆಯುತ್ತದೆ. ಕೊನೆಗೆ ಅದನ್ನು ತೀರಿಸುವವರು ಬಹುಪಾಲು ಕಾರ್ಖಾನೆಯ ಕಾರ್ಮಿಕರೇ.

ಗಡಿಯಾರದ ಈ ಕಥೆಗೆ ಕನ್ನಡ ನಾಡಿನದೂ ಒಂದು ಅಧ್ಯಾಯವಿದೆ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳ ತಯಾರಿಕೆಗಾಗಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದೊಂದಿಗೆ ಕೈಗಡಿಯಾರಕ್ಕೆ ಕೈಹಾಕಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತಲೆಯೆತ್ತಿತು. ಜನತಾ, ಪೈಲಟ್, ಕೊಹಿನೂರ್ ಹೆಸರುಗಳು ಮನೆಮಾತಾದವು. ಅಳಿಯನಿಗೆ ‘ಕಾಂಚನ್’ ಕೊಡಲೇಬೇಕೆಂದು ಊರೂರು ಅಲೆದ ಮಾವಂದಿರಿದ್ದರು. ಬೇಡಿಕೆಯಷ್ಟು ಮಾಲು ಸಿಗದಿದ್ದ ಆ ಕಾಲದಲ್ಲಿ ಮಾರಾಟವಾಗದೆ ಉಳಿಯುವ ಗಡಿಯಾರದ ಚಿಂತೆ ಯಾರಿಗಿತ್ತು? ಅಭಾವದ ದಿನಗಳಲ್ಲಿ ಬೆಳೆದ ಸಂಸ್ಥೆಗೆ ಉಳಿದ ಮಾಲನ್ನು ಅಳೆಯುವ ಅಭ್ಯಾಸವೇ ಆಗಿರಲಿಲ್ಲ ಎಂದರೆ ಹೆಚ್ಚು ತಪ್ಪಾಗಲಾರದು.

ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲವೆಂದಲ್ಲ. ಅಂತಹ ಗಡಿಯಾರಗಳನ್ನು ಅದೂ ತಯಾರಿಸಿತ್ತು. ಆದರೆ ಅದರ ಜೀವ ಇದ್ದದ್ದು ಕೀಲಿ ಗಡಿಯಾರದಲ್ಲಿ. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟಾನ್, ಬೆಂಗಳೂರಿನ ಪಕ್ಕದ ಹೊಸೂರಿನಲ್ಲೇ ಕಾರ್ಖಾನೆ ತೆರೆದು, ಕ್ವಾರ್ಟ್ಜನ್ನೇ ನೆಚ್ಚಿಕೊಂಡು ಪೇಟೆಗೆ ಬಂತು. ಅದರ ಗಡಿಯಾರ ತೆಳ್ಳಗಿತ್ತು, ಬೆಳಿಗ್ಗೆ ಎದ್ದು ಕೀಲಿ ಕೊಡಬೇಕಿರಲಿಲ್ಲ. ಗಿರಾಕಿಯ ಕಣ್ಣು ಹೊರಳಿತು. ಮುಂದಿನದು ನಷ್ಟದ ಮೇಲೆ ನಷ್ಟದ ದೀರ್ಘ ಕಥೆ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಮೀನು ಬಾಹ್ಯಾಕಾಶ ಸಂಸ್ಥೆ ಇಸ್ರೊ ಪಾಲಾಯಿತು.

ವಿಚಿತ್ರವೆಂದರೆ, ಬಾಗಿಲು ಹಾಕುವ ಸುದ್ದಿ 2014ರಲ್ಲಿ ಹರಡುತ್ತಲೇ ಯಾರಿಗೂ ಬೇಡವಾಗಿದ್ದ ಕೀಲಿ ಗಡಿಯಾರಗಳಿಗೆ ಜನ ಮುಗಿಬಿದ್ದರು. ಮಾಲು ಅದೇ, ಪೆಟ್ಟಿಗೆಯೂ ಅದೇ. ಇನ್ನು ಸಿಗುವುದಿಲ್ಲ ಎಂಬುದಷ್ಟೇ ಹೊಸದು. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖ ಬಳಿದು ಮಾರುವ ಚಾಲಾಕಿಗಳೂ ಹುಟ್ಟಿಕೊಂಡರು. ಸಂಗ್ರಾಹಕರು ಇಂದಿಗೂ ಎಚ್‌ಎಂಟಿ ಕೊಳ್ಳುವಾಗ ಭೂತಗನ್ನಡಿ ಹಿಡಿಯುವುದು ಇದೇ ಕಾರಣಕ್ಕೆ. ಆದರೆ ಕೊನೆಯ ಗಳಿಗೆಯ ಈ ನೂಕುನುಗ್ಗಲಿನಿಂದ ಕಾರ್ಖಾನೆ ಉಳಿಯುವಂತಿರಲಿಲ್ಲ. ಕೆಲವು ಸಾವಿರ ಸಂಗ್ರಾಹಕರ ಪ್ರೀತಿ ಬೇರೆ, ಪ್ರತಿ ತಿಂಗಳು ಸಂಬಳ ಹುಟ್ಟಿಸುವ ಮಾರಾಟ ಬೇರೆ.

ಅಟ್ಟದ ಕಥೆಯನ್ನೂ ಇದೇ ಎಚ್ಚರದಿಂದ ಕೇಳಬೇಕು. ಅಟ್ಟ ಸೇರಿದ ಸರಕೆಲ್ಲ ಚಿನ್ನವಾಗುವುದಿಲ್ಲ. ಧೂಳು ತಿಂದದ್ದೇ ಹೆಚ್ಚು, ಅವುಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ವೆರ್ಮೊ ಅವರ ಅದೃಷ್ಟ ಬೇರೆ ಇತ್ತು. 1978ರಲ್ಲಿ ಅಮೆರಿಕದವರು ಕಾರ್ಖಾನೆಯನ್ನು ಸ್ವಿಸ್ ಕೈಗಳಿಗೇ ಮಾರಿದರು. 1980ರ ದಶಕದ ಆರಂಭದಲ್ಲಿ ಎಬೆಲ್ ಎಂಬ ಕಂಪೆನಿ ಎಲ್ ಪ್ರಿಮೆರೊ ಯಂತ್ರಗಳನ್ನು ಕೇಳಿಕೊಂಡು ಬಂತು. ಮೊದಲು ಹೋದದ್ದು ತಯಾರಿಕೆ ನಿಂತಾಗ ಉಳಿದಿದ್ದ ಹಳೆಯ ದಾಸ್ತಾನೇ. ಅದು ಸಾಲದಾದಾಗ ಹೊಸದನ್ನು ತಯಾರಿಸಬೇಕಾಯಿತು, ಹತ್ಯಾರುಗಳ ನೆನಪಾಯಿತು. ಅವನ್ನು ಮತ್ತೆ ಮಾಡಿಸುವುದೆಂದರೆ ಭಾರಿ ಖರ್ಚಿನ ಮಾತು. ಆಗ ವೆರ್ಮೊ ಅಟ್ಟ ತೋರಿಸಿದರು.

ಚೀಟಿಗಳು ಹಾಗೇ ಇದ್ದವು. 1984ರಲ್ಲಿ ಎಲ್ ಪ್ರಿಮೆರೊ ತಯಾರಿಕೆ ಮತ್ತೆ ಆರಂಭವಾಯಿತು. 1988ರಲ್ಲಿ ರೋಲೆಕ್ಸ್ ಕಂಪೆನಿ ತನ್ನ ‘ಡೇಟೋನಾ’ ಗಡಿಯಾರಕ್ಕೆ ಇದೇ ಯಂತ್ರವನ್ನು ಮಾರ್ಪಡಿಸಿ ಬಳಸತೊಡಗಿ, 2000ದವರೆಗೂ ಲ ಲೋಕ್ಲ್‌ನಿಂದಲೇ ತರಿಸಿಕೊಂಡಿತು.