ಮಣಿಕಟ್ಟಿನೊಳಗೆ ಬೆಳಕು

ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಎಡಗೈಯ ಹೆಬ್ಬೆರಳಿನಿಂದ ಬಲ ಮಣಿಕಟ್ಟಿನ ಹಿಂಬದಿಯನ್ನು ಮೆಲ್ಲಗೆ ಒತ್ತಿ ನೋಡಿ. ಮುಂದೋಳಿನ ದೊಡ್ಡ ಮೂಳೆ ಮುಗಿಯುವ ಜಾಗದಲ್ಲಿ ಒಂದು ಚಿಕ್ಕ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ ಬೆರಳುಗಳ ಕಡೆಗೆ ಸುಮಾರು ಒಂದು ಸೆಂಟಿಮೀಟರು ಸರಿದರೆ ಮೆತ್ತಗಿನ ತಗ್ಗೊಂದಿದೆ. ಮಣಿಕಟ್ಟಿನ ಕೀಲಿನೊಳಕ್ಕೆ ಇಣುಕಿ ನೋಡುವ ಶಸ್ತ್ರವೈದ್ಯರು ಸಾಮಾನ್ಯವಾಗಿ ಮೊದಲು ಒಳಹೋಗುವುದು ಈ ತಗ್ಗಿನ ಮೂಲಕ.

ಕೈಯೂರಿ ಬಿದ್ದ ಎಷ್ಟೋ ಜನರಿಗೆ ತಿಂಗಳುಗಳು ಕಳೆದರೂ ಮಣಿಕಟ್ಟಿನ ನೋವು ಹೋಗುವುದಿಲ್ಲ. ಬಾಗಿಲ ಹಿಡಿಯನ್ನು ತಿರುಗಿಸುವಾಗ, ಬಟ್ಟೆ ಹಿಂಡುವಾಗ ಚಳಕು ಹೊಡೆಯುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಏನೂ ಕಾಣದು. ಏಕೆಂದರೆ ಕೆಟ್ಟಿರುವುದು ಹಲವು ವೇಳೆ ಮೂಳೆಯಲ್ಲ. ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜು ಅಥವಾ ಅವುಗಳ ನಡುವಿನ ಮೃದ್ವಸ್ಥಿ. ಎಕ್ಸ್ ಕಿರಣಗಳು ಇವುಗಳ ಮೂಲಕ ಹೆಚ್ಚು ತಡೆಯಿಲ್ಲದೆ ದಾಟಿಹೋಗುತ್ತವೆ. ಅಂಥ ಗಾಯವನ್ನು ಕಣ್ಣಾರೆ ಕಾಣುವ ಸಾಧನವೇ ಆರ್ತ್ರೊಸ್ಕೋಪ್. ಅದನ್ನು ಇಲ್ಲಿ ಕೀಲುದರ್ಶಕ ಎನ್ನೋಣ.

ಕೀಲುದರ್ಶಕದ ಚರಿತ್ರೆಯಲ್ಲಿ ಒಂದು ಕುತೂಹಲದ ಅಂಶವಿದೆ. ಮೊಣಕಾಲಿನ ಕೀಲಿನೊಳಗೆ ಇಣುಕುವ ಪ್ರಯತ್ನ 1918ರಲ್ಲೇ ನಡೆಯಿತು. ಮಣಿಕಟ್ಟಿನ ಕೀಲುದರ್ಶನವನ್ನು ಕುರಿತ ವಿವರವಾದ ವರದಿ ಬಂದದ್ದು 1979ರಲ್ಲಿ. ನಡುವೆ 61 ವರ್ಷಗಳ ಅಂತರ. ವೈದ್ಯರಿಗೆ ಮಣಿಕಟ್ಟಿನ ಬಗ್ಗೆ ಆಸಕ್ತಿ ಇರಲಿಲ್ಲವೆ? ಹಾಗಲ್ಲ. ಅಡ್ಡಿಯಾದದ್ದು ಭೌತವಿಜ್ಞಾನದ ಒಂದು ನಿಯಮ.

ಮೇಣದಬತ್ತಿಯಿಂದ ಮೊಣಕಾಲಿಗೆ

ದೇಹದ ಒಳಗನ್ನು ನೋಡಲು ಎರಡು ಕೆಲಸಗಳಾಗಬೇಕು. ಬೆಳಕು ಒಳಹೋಗಬೇಕು, ಬಿಂಬ ಹೊರಬರಬೇಕು. ಜರ್ಮನಿಯ ವೈದ್ಯ ಫಿಲಿಪ್ ಬೊಜ್ಜಿನಿ 1806ರಲ್ಲಿ ಪ್ರಚುರಪಡಿಸಿದ ಉಪಕರಣದಲ್ಲಿ ಬೆಳಕಿನ ಆಕರ ಒಂದು ಮೇಣದಬತ್ತಿ. ಕನ್ನಡಿಯೊಂದು ಅದರ ಬೆಳಕನ್ನು ಕೊಳವೆಯೊಳಕ್ಕೆ ತಿರುಗಿಸುತ್ತಿತ್ತು. 1870ರ ದಶಕದ ಕೊನೆಯಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಜೆ ಕೊಳವೆಯ ತುದಿಯಲ್ಲೇ ಕಾದ ಪ್ಲಾಟಿನಂ ತಂತಿಯನ್ನಿಟ್ಟು, ಮಸೂರಗಳ ಸಾಲಿನ ಮೂಲಕ ಮೂತ್ರಕೋಶದ ಒಳಭಾಗವನ್ನು ನೋಡಿದ. ತಂತಿಯ ಶಾಖ ರೋಗಿಯನ್ನು ಸುಡದಂತೆ ನೀರು ಹರಿಸಬೇಕಾಗುತ್ತಿತ್ತು.

ಟೋಕಿಯೊದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶದರ್ಶಕವನ್ನು ಶವದ ಮೊಣಕಾಲಿನೊಳಗೆ ತೂರಿಸಿದರು. ಅವರ ಮುಂದಿದ್ದ ಸಮಸ್ಯೆ ಕೀಲಿನ ಕ್ಷಯ. ಆ ರೋಗದಿಂದ ಮೊಣಕಾಲು ಮಡಿಸಲಾಗದಂತೆ ಸೆಟೆದುಹೋಗುತ್ತಿತ್ತು. ನೆಲದ ಮೇಲೆ ಕಾಲು ಮಡಿಸಿ ಕೂರುವ ಜಪಾನೀಯರಿಗೆ ಇದು ಎಂಥ ಕಷ್ಟವೆಂಬುದು ನಮಗೂ ಸುಲಭವಾಗಿ ಅರ್ಥವಾಗುತ್ತದೆ. ರೋಗವನ್ನು ಬೇಗ ಗುರುತಿಸಿದರೆ ಕೀಲನ್ನು ಉಳಿಸಿಕೊಳ್ಳಬಹುದೆಂಬುದು ತಕಾಗಿಯವರ ಆಸೆ. 1920ರ ಅವರ ಕೀಲುದರ್ಶಕದ ವ್ಯಾಸ 7.3 ಮಿ.ಮೀ. 1931ರ ಹೊತ್ತಿಗೆ ಅದನ್ನು 3.5 ಮಿ.ಮೀ.ಗೆ ಇಳಿಸಿದರು.

ಅದೇ 1931ರಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಅನೇಕ ಕೀಲುಗಳನ್ನು ಪರೀಕ್ಷಿಸಿ ನೋಡಿದರು. ಮೊಣಕೈಯಂಥ ಕೀಲು ಕೂಡ ಉಪಕರಣಕ್ಕೆ ತೀರ ಇಕ್ಕಟ್ಟು ಎಂದು ಅವರಿಗೆ ಆಗ ಅನ್ನಿಸಿತು. ತಕಾಗಿಯವರ ಶಿಷ್ಯ ಮಸಾಕಿ ವತನಬೆ ಯುದ್ಧಾನಂತರ ಕೆಲಸ ಮುಂದುವರಿಸಿ, 1950ರ ದಶಕದ ಕೊನೆಗೆ 21ನೆಯ ಮಾದರಿಯನ್ನು ರೂಪಿಸಿದರು. ಅದರ ಬಿಂಬ ಚೆನ್ನಾಗಿತ್ತು. ಆದರೆ ತುದಿಯಲ್ಲಿದ್ದ ಪುಟ್ಟ ಬಲ್ಬು ಕೆಲವೊಮ್ಮೆ ಕೀಲಿನೊಳಗೇ ಒಡೆದುಹೋಗುತ್ತಿತ್ತು. 1962ರಲ್ಲಿ ಅವರು ಮೊಣಕಾಲಿನ ಹರಿದ ಮೃದ್ವಸ್ಥಿಯ ತುಣುಕನ್ನು ಕೀಲುದರ್ಶಕದ ನೆರವಿನಿಂದಲೇ ತೆಗೆದರು. ನೋಡುವ ಸಾಧನ ಚಿಕಿತ್ಸೆಯ ಸಾಧನವೂ ಆಯಿತು. ಮಣಿಕಟ್ಟು ಮಾತ್ರ ಇನ್ನೂ ಕಾಯುತ್ತಿತ್ತು.

ನಾಲ್ಕನೆಯ ಘಾತದ ತೊಡಕು

ಮೊಣಕಾಲಿನ ಉಪಕರಣವನ್ನೇ ಇನ್ನಷ್ಟು ಸಣ್ಣದು ಮಾಡಿದ್ದರೆ ಆಗುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕೊಳವೆಯ ಉದ್ದವನ್ನು ಬದಲಿಸದೆ ಮಸೂರಗಳ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದೆವೆನ್ನಿ. ಮಸೂರದ ವಿಸ್ತೀರ್ಣ ತ್ರಿಜ್ಯದ ವರ್ಗವನ್ನು ಅವಲಂಬಿಸಿರುವುದರಿಂದ ಅದು ನಾಲ್ಕನೆಯ ಒಂದು ಭಾಗವಾಗುತ್ತದೆ. ಜೊತೆಗೆ, ಪ್ರತಿಯೊಂದು ಬಿಂದುವಿನಿಂದ ಹೊರಟು ಕೊಳವೆಯನ್ನು ದಾಟಬಲ್ಲ ಕಿರಣಗಳ ಶಂಕುವೂ ಕಿರಿದಾಗುತ್ತದೆ. ಅದರಿಂದ ಮತ್ತೊಮ್ಮೆ ನಾಲ್ಕನೆಯ ಒಂದು ಭಾಗ. ಒಟ್ಟಿನಲ್ಲಿ ಹೊರಬರುವ ಬೆಳಕು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ 4 ಮಿ.ಮೀ.ನಿಂದ 2 ಮಿ.ಮೀ.ಗೆ ಇಳಿದರೆ ಬೆಳಕು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ! ಕೀಲಿನೊಳಗೆ ಹೋದರೂ ಅಲ್ಲಿ ಕಾಣುವುದು ಬರಿಯ ಮಬ್ಬು.

ಮೂರು ಪರಿಹಾರಗಳು

ಈ ತೊಡಕನ್ನು ಬಿಡಿಸಿದ ಮೂರು ಹೆಜ್ಜೆಗಳು ದೃಗ್ವಿಜ್ಞಾನದಿಂದ ಬಂದವು. ಮೊದಲನೆಯದು ದ್ಯುತಿತಂತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸಿದ ವರದಿಯನ್ನು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಇಂಥ ಎಳೆಗಳಲ್ಲಿ ಬೆಳಕನ್ನು ಹೊರಗಿನಿಂದಲೇ ಕಳುಹಿಸುವುದು ಸಾಧ್ಯವಾಯಿತು. ಬಲ್ಬು ಒಡೆಯುವ ಭಯ ಹೋಯಿತು. ಶಾಖವೂ ಹೊರಗೇ ಉಳಿಯಿತು.

ಎರಡನೆಯದೂ ಹಾಪ್ಕಿನ್ಸರದೇ. ಹಳೆಯ ಉಪಕರಣಗಳಲ್ಲಿ ಪುಟ್ಟ ಮಸೂರಗಳ ನಡುವೆ ಉದ್ದನೆಯ ಗಾಳಿಯ ಅಂತರವಿರುತ್ತಿತ್ತು. 1959ರಲ್ಲಿ ಹಾಪ್ಕಿನ್ಸ್ ಇದನ್ನು ತಿರುವುಮುರುವು ಮಾಡಿದರು: ಉದ್ದನೆಯ ಗಾಜಿನ ಸರಳುಗಳು, ನಡುವೆ ಸಣ್ಣ ಗಾಳಿಯ ಅಂತರ. ಸಾಗುವ ಬೆಳಕು ಮಾಧ್ಯಮದ ವಕ್ರೀಭವನಾಂಕದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಾಜಿಗೆ ಅದು ಸುಮಾರು 1.5 ಆದ್ದರಿಂದ ಲಾಭ 2.25 ಪಟ್ಟು. ಸರಳುಗಳನ್ನು ಕೊಳವೆಯಲ್ಲಿ ಹಿಡಿದಿಡುವುದೂ ಸುಲಭ. ಮಸೂರಗಳನ್ನು ಬೇರ್ಪಡಿಸುವ ಒಳಕೊಳವೆಗಳು ಬೇಡವಾದುದರಿಂದ ಗಾಜಿಗೆ ಹೆಚ್ಚು ಅಗಲ ದೊರೆಯಿತು. ತ್ರಿಜ್ಯ ತುಸು ಹೆಚ್ಚಿದರೂ ನಾಲ್ಕನೆಯ ಘಾತದ ನಿಯಮ ಈಗ ನಮ್ಮ ಪರವಾಗಿ ಕೆಲಸ ಮಾಡುತ್ತದೆಂಬುದನ್ನು ಗಮನಿಸಿ.

ಮೂರನೆಯದು ಜಪಾನಿನ ಎರಡು ಕಂಪೆನಿಗಳು 1968ರಲ್ಲಿ ಹೊರತಂದ ಸೆಲ್ಫಾಕ್ ಎಂಬ ಗಾಜಿನ ಎಳೆ. ಇದರ ವಕ್ರೀಭವನಾಂಕ ಅಕ್ಷದ ಮೇಲೆ ಗರಿಷ್ಠ. ಅಂಚಿನ ಕಡೆಗೆ ಕ್ರಮೇಣ ಕಡಿಮೆ. ಬೇಸಗೆಯಲ್ಲಿ ಕಾದ ರಸ್ತೆಯ ಮೇಲೆ ಬಿಸಿಲುಗುದುರೆ ಕಾಣುವಾಗ ಕಿರಣಗಳು ಬಾಗುವಂತೆ, ಇಲ್ಲಿಯೂ ಅವು ಅಕ್ಷದ ಕಡೆಗೆ ಬಾಗುತ್ತ ಅಲೆಯಾಕಾರದ ಹಾದಿಯಲ್ಲಿ ಸಾಗುತ್ತವೆ. ಆದ್ದರಿಂದ ಒಂದೇ ಎಳೆ ಮಸೂರಗಳ ಇಡೀ ಸಾಲಿನ ಕೆಲಸ ಮಾಡುತ್ತದೆ. ಇದನ್ನು ಬಳಸಿ ವತನಬೆ 1970ರಲ್ಲಿ 24ನೆಯ ಮಾದರಿಯನ್ನು ರಚಿಸಿದರು. ಅದರ ವ್ಯಾಸ ಕೇವಲ 1.7 ಮಿ.ಮೀ. ಮಣಿಕಟ್ಟಿನ ಬಾಗಿಲು ತೆರೆಯಿತು. ಅದೇ ಉಪಕರಣದಿಂದ ಮಣಿಕಟ್ಟು ಮತ್ತು ಬೆರಳಿನ ಕೀಲುಗಳನ್ನು ನೋಡಿದ ವಿವರವನ್ನು ವೈ. ಸಿ. ಚೆನ್ 1979ರಲ್ಲಿ ಪ್ರಕಟಿಸಿದರು.

ಒಳಗೆ ಏನು ಕಾಣುತ್ತದೆ?

1986ರಲ್ಲಿ ಅಮೆರಿಕದ ಟೆರ್ರಿ ವಿಪ್ಪಲ್ ಮತ್ತು ಸಂಗಡಿಗರು ಮಣಿಕಟ್ಟಿನ ಕೀಲುದರ್ಶನದ ತಂತ್ರವನ್ನು ವ್ಯವಸ್ಥಿತವಾಗಿ ವಿವರಿಸಿದರು. ಇಂದಿಗೂ ಕ್ರಮ ಬಹುಮಟ್ಟಿಗೆ ಅದೇ. ಅರಿವಳಿಕೆ ಕೊಟ್ಟ ಮೇಲೆ ಮೊಣಕೈಯನ್ನು ಮಡಿಸಿ, ಬೆರಳುಗಳಿಗೆ ಹೆಣೆದ ಬಲೆಯ ತೊಡುಗೆ ಹಾಕಿ, ಕೈಯನ್ನು ಮೇಲಕ್ಕೆ ತೂಗುಹಾಕುತ್ತಾರೆ. ಸುಮಾರು 4ರಿಂದ 5 ಕಿಲೋಗ್ರಾಂ ತೂಕದಷ್ಟು ಎಳೆತಕ್ಕೆ ಕೀಲು ಕೆಲವು ಮಿಲಿಮೀಟರು ತೆರೆದುಕೊಳ್ಳುತ್ತದೆ. ಮಣಿಕಟ್ಟಿನ ಹಿಂಬದಿಯಲ್ಲಿ ಸ್ನಾಯುರಜ್ಜುಗಳು ಆರು ಓಣಿಗಳಲ್ಲಿ ಸಾಗುತ್ತವೆ. ನೀವು ಮೊದಲು ಒತ್ತಿ ನೋಡಿದ ತಗ್ಗು ಮೂರನೆಯ ಮತ್ತು ನಾಲ್ಕನೆಯ ಓಣಿಗಳ ನಡುವಿನದು. ಚಾಕು ಚರ್ಮವನ್ನಷ್ಟೇ ಸೀಳುತ್ತದೆ. ಮುಂದಿನ ದಾರಿಯನ್ನು ಮೊಂಡ ತುದಿಯ ಸಾಧನದಿಂದ ಬಿಡಿಸುತ್ತಾರೆ. ಸ್ಪರ್ಶದ ನರಗಳು ಅಲ್ಲೇ ಹತ್ತಿರದಲ್ಲಿರುತ್ತವೆ. ಇಂದಿನ ಉಪಕರಣಗಳ ವ್ಯಾಸ ಸಾಮಾನ್ಯವಾಗಿ 1.9ರಿಂದ 2.7 ಮಿ.ಮೀ. ತುದಿಯ ನೋಟ 30 ಡಿಗ್ರಿ ಓರೆಯಾಗಿರುವುದರಿಂದ ಅದನ್ನು ಸುಮ್ಮನೆ ತಿರುಗಿಸಿದರೂ ಸುತ್ತಲಿನ ಭಾಗ ಕಾಣುತ್ತದೆ.

ಕಿರುಬೆರಳ ಬದಿಯಲ್ಲಿ ತ್ರಿಕೋನಾಕಾರದ ಒಂದು ಮೃದ್ವಸ್ಥಿಯಿದೆ. ಅದನ್ನು ಸುತ್ತಲಿನ ರಜ್ಜುಗಳೊಂದಿಗೆ ಸೇರಿಸಿ ಒಂದು ಸಂಕೀರ್ಣವೆಂದು 1981ರಲ್ಲಿ ಪಾಮರ್ ಮತ್ತು ವರ್ನರ್ ವರ್ಣಿಸಿದರು. ಇನ್ನೊಂದು ರಂಧ್ರದ ಮೂಲಕ ತೂರಿಸಿದ ಕೊಕ್ಕೆಯಿಂದ ಅದನ್ನು ಒತ್ತಿದಾಗ, ಆರೋಗ್ಯವಾಗಿದ್ದರೆ ಬಿಗಿದ ಮದ್ದಳೆಯ ಚರ್ಮದಂತೆ ಪುಟಿಯುತ್ತದೆ. ಅಂಚು ಹರಿದಿದ್ದರೆ ಸಡಿಲವಾಗಿ ತಗ್ಗುತ್ತದೆ. ಅಂಚಿಗೆ ರಕ್ತ ಸರಬರಾಜು ಇರುವುದರಿಂದ ಅಲ್ಲಿನ ಹರಿತವನ್ನು ಹೊಲಿದರೆ ಕೂಡಿಕೊಳ್ಳಬಲ್ಲದು. ನಡುಭಾಗಕ್ಕೆ ರಕ್ತನಾಳಗಳಿಲ್ಲ, ಅಲ್ಲಿ ಹರಿದ ಅಂಚನ್ನು ಕತ್ತರಿಸಿ ನಯಗೊಳಿಸುವುದೇ ರೂಢಿ.

ಕಂಡದ್ದೆಲ್ಲ ಕಾರಣವಲ್ಲ

ಇಷ್ಟಾದ ಮೇಲೆ ಒಂದು ಎಚ್ಚರಿಕೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸವೆದ ಮೊಣಕಾಲಿನ 180 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಕೀಲುದರ್ಶಕದಿಂದ ನಿಜವಾದ ಚಿಕಿತ್ಸೆ, ಇನ್ನು ಕೆಲವರಿಗೆ ಚರ್ಮದ ಮೇಲೆ ಗಾಯ ಮಾತ್ರ. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇಬ್ಬರ ನೋವಿನಲ್ಲೂ ಅರ್ಥಪೂರ್ಣ ವ್ಯತ್ಯಾಸ ಕಂಡುಬರಲಿಲ್ಲ. ಮಣಿಕಟ್ಟಿಗೂ ಈ ಪಾಠ ಸಲ್ಲುತ್ತದೆ. ವಯಸ್ಸಾದಂತೆ ಆ ತ್ರಿಕೋನ ಮೃದ್ವಸ್ಥಿಯ ನಡುವೆ ಸವೆದು ತೂತು ಬೀಳುವುದುಂಟು; ಅಂಥ ಅನೇಕರಿಗೆ ನೋವೇ ಇರುವುದಿಲ್ಲ. ಆದ್ದರಿಂದಲೇ ವೈದ್ಯರು ಮೊದಲು ರೋಗಿಯ ಮಾತು ಕೇಳಿ, ನೋವಿನ ಜಾಗವನ್ನು ಬೆರಳಿನಿಂದ ಒತ್ತಿ, ಪಟ್ಟಿ ಮತ್ತು ವಿಶ್ರಾಂತಿಯಿಂದ ಗುಣವಾದೀತೆ ಎಂದು ನೋಡುತ್ತಾರೆ. ಒಳಗೆ ಕಂಡ ಹರಿತ ಹೊರಗಿನ ನೋವಿಗೆ ಹೊಂದಿದಾಗ ಮಾತ್ರ ಅದಕ್ಕೆ ಅರ್ಥ.

ವಿದ್ಯಾರ್ಥಿಗಳೇ, ಸ್ಪಷ್ಟವಾದ ಬಿಂಬವನ್ನು ಪಡೆಯಲು ಮೇಣದಬತ್ತಿಯಿಂದ ಸೆಲ್ಫಾಕ್ ಎಳೆಯವರೆಗೆ 160ಕ್ಕೂ ಹೆಚ್ಚು ವರ್ಷಗಳು ಬೇಕಾದವು. ಅದನ್ನು ಸರಿಯಾಗಿ ಓದುವುದು ಬೇರೆಯೇ ಕೆಲಸ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ನೋವು ಸುಳ್ಳಾಗುವುದಿಲ್ಲ. ಕೀಲುದರ್ಶಕದಲ್ಲಿ ತೂತು ಕಂಡಿತೆಂದು ಅದೇ ನೋವಿನ ಕಾರಣವೂ ಆಗಬೇಕಿಲ್ಲ.