‘ಮಿಂಡೆನ್’ ಯುದ್ಧನೌಕೆ: ದಾಖಲೆ ಮತ್ತು ಐತಿಹ್ಯ

ಹಾಯಿಹಡಗುಗಳ ಕಾಲದ ನೌಕೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ನೌಕಾದಳದ ದಾಖಲೆಗಳಿಂದ ಕಟ್ಟಿಕೊಡಲಾಗುತ್ತದೆ. ಆದರೆ ಕೆಲವು ನೌಕೆಗಳು ದಾಖಲೆಗಳಲ್ಲಿ ಒಂದು ಬಗೆಯಾಗಿ, ಜನರ ನೆನಪಿನಲ್ಲಿ ಮತ್ತೊಂದು ಬಗೆಯಾಗಿ ಉಳಿದುಬಂದಿವೆ. ಮುಂಬಯಿಯಲ್ಲಿ ನಿರ್ಮಾಣಗೊಂಡ ಬ್ರಿಟಿಷ್ ಯುದ್ಧನೌಕೆ ‘ಮಿಂಡೆನ್’ ಇದಕ್ಕೆ ಒಳ್ಳೆಯ ನಿದರ್ಶನ.

74 ಫಿರಂಗಿಗಳ ಈ ನೌಕೆಯನ್ನು 1810ರ ಜೂನ್ 19ರಂದು ನೀರಿಗಿಳಿಸಲಾಯಿತು. ನಿರ್ಮಾತೃ ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ. 1736ರಲ್ಲಿ ಸೂರತ್‌ನಿಂದ ಮುಂಬಯಿಗೆ ಬಂದ ಲೌಜಿ ನಸರ್‌ವಾನ್‌ಜಿಯ ವಂಶದವನು ಆತ. ಬ್ರಿಟಿಷ್ ದ್ವೀಪಗಳ ಹೊರಗೆ ರಾಯಲ್ ನೇವಿಗಾಗಿ ಕಟ್ಟಲಾದ ಈ ದರ್ಜೆಯ ಮೊದಲ ನೌಕೆಯೆಂಬ ಹಿರಿಮೆ ಮಿಂಡೆನ್‌ನದು. ಇಂಗ್ಲೆಂಡಿನಲ್ಲಿ ಓಕ್ ಮರ ವಿರಳವಾಗುತ್ತಿದ್ದ ಕಾಲವದು. ತೇಗವಾದರೋ ಬೇಗ ಕೊಳೆಯದು. ಅದರ ಎಣ್ಣೆಯ ಅಂಶ ಕಬ್ಬಿಣದ ಮೊಳೆಗಳನ್ನೂ ಕಾಯುತ್ತದೆ. ಇಂತಹ ಮರಕ್ಕಾಗಿಯೇ 1806ರಲ್ಲಿ ಮಲಬಾರಿನ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್‌ನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಲಾಯಿತು. ಸ್ಥಳೀಯ ಒಡೆಯರೂ ವ್ಯಾಪಾರಿಗಳೂ ತೇಗದ ಮೇಲಿನ ಹಕ್ಕು ಕಳೆದುಕೊಂಡರು. ಹಿಂದೆ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆದ ಮೇಲೆ, 1823ರಲ್ಲಿ, ಆ ಹುದ್ದೆ ರದ್ದಾಯಿತು.

ನೌಕೆಯ ಸೇವಾವಧಿ ಜಾವಾ ದಂಡಯಾತ್ರೆಯೊಡನೆ ಆರಂಭವಾಯಿತು. 1811ರ ಜುಲೈನಲ್ಲಿ ಲೆಫ್ಟಿನೆಂಟ್ ಎಡ್ಮಂಡ್ ಲಯನ್ಸ್ ಇದರ ದೋಣಿಗಳಲ್ಲಿ ಸುಮಾರು 35 ಮಂದಿಯೊಡನೆ ಹೋಗಿ ಮರಾಕ್ ಕೋಟೆಯನ್ನು ರಾತ್ರಿಯಲ್ಲಿ ವಶಪಡಿಸಿಕೊಂಡನು. 1816ರ ಆಗಸ್ಟ್ 27ರಂದು ಲಾರ್ಡ್ ಎಕ್ಸ್‌ಮತ್ ಅಲ್ಜೀರ್ಸ್ ನಗರದ ಮೇಲೆ ನಡೆಸಿದ ಫಿರಂಗಿ ದಾಳಿಯಲ್ಲಿಯೂ ಮಿಂಡೆನ್ ಪಾಲ್ಗೊಂಡಿತು. ಆ ಕದನದ ಫಲವಾಗಿ ಸಾವಿರಕ್ಕೂ ಹೆಚ್ಚು ಕ್ರೈಸ್ತ ಗುಲಾಮರು ಬಿಡುಗಡೆ ಹೊಂದಿದರು. 1842ರಿಂದ ಹಾಂಗ್‌ಕಾಂಗ್‌ನಲ್ಲಿ ಆಸ್ಪತ್ರೆ ನೌಕೆಯಾಗಿ, ಬಳಿಕ ಸಾಮಗ್ರಿ ನೌಕೆಯಾಗಿ ಬಳಕೆಯಾಯಿತು. 1861ರಲ್ಲಿ ಒಡೆಯಲೆಂದು ಮಾರಲಾಯಿತು.

ಇನ್ನು ಐತಿಹ್ಯ. ಅಮೆರಿಕದ ರಾಷ್ಟ್ರಗೀತೆಯಾದ ಕವಿತೆಯನ್ನು ಫ್ರಾನ್ಸಿಸ್ ಸ್ಕಾಟ್ ಕೀ 1814ರ ಸೆಪ್ಟೆಂಬರಿನಲ್ಲಿ ಮಿಂಡೆನ್ ನೌಕೆಯಲ್ಲಿದ್ದಾಗಲೇ ರಚಿಸಿದನೆಂಬ ಮಾತು ಭಾರತದಲ್ಲಿ ಪದೇಪದೇ ಕೇಳಿಬರುತ್ತದೆ. ವಾಸ್ತವದಲ್ಲಿ ಬಾಲ್ಟಿಮೋರ್ ಬಳಿಯ ಮ್ಯಾಕ್‌ಹೆನ್ರಿ ಕೋಟೆಯ ಮೇಲೆ ದಾಳಿ ನಡೆದ ಆ ಇರುಳು ಕೀ ಇದ್ದುದು ಅಮೆರಿಕದ್ದೇ ಆದ ಸಂಧಾನ ನೌಕೆಯಲ್ಲಿ. ದಾಳಿಗೈದ ನೌಕಾಪಡೆಯಲ್ಲಿ ಮಿಂಡೆನ್ ಇರಲಿಲ್ಲ.

ಐತಿಹ್ಯವನ್ನು ಸುಳ್ಳೆಂದು ಸಾಬೀತುಪಡಿಸಿದ ಮಾತ್ರಕ್ಕೆ ಜಾನಪದ ಅಧ್ಯಯನ ಮುಗಿಯುವುದಿಲ್ಲ; ಅದು ಯಾವ ಕೊರತೆಯನ್ನು ತುಂಬುತ್ತದೆಂಬುದನ್ನೂ ಕೇಳಬೇಕಾಗುತ್ತದೆ. ನೌಕೆಯ ಹೆಸರು 1759ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಕದನದ್ದು. ಮುಂಬಯಿಯ ಬಡಗಿಗಳ ಸುಳಿವಾಗಲಿ ಕಾಡಿನ ಸುಳಿವಾಗಲಿ ಅದರಲ್ಲಿಲ್ಲ. ಈ ಮಣ್ಣಿನ ಕೈಕೆಲಸ ಲೋಕಪ್ರಸಿದ್ಧ ಘಟನೆಯೊಂದಕ್ಕೆ ಸಾಕ್ಷಿಯಾಯಿತೆಂಬ ಹೆಮ್ಮೆ ಆ ಬರಿದನ್ನು ತುಂಬಿದಂತೆ ತೋರುತ್ತದೆ. ಆದರೆ ಎರವಲು ಪಡೆದ ಈ ಕೀರ್ತಿ ಅರ್ಧ ಶತಮಾನ ಬಾಳಿದ ನೌಕೆಯ ನಿಜವಾದ ಸೇವೆಯನ್ನೂ, ಅದಕ್ಕೆ ಮರವಿತ್ತ ಕಾಡಿನ ಜನರ ನಷ್ಟವನ್ನೂ ಮರೆಮಾಡುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಸಂಗ್ರಹಿಸಿಟ್ಟು, ಚರಿತ್ರೆಯನ್ನು ಅದರಿಂದ ಬೇರ್ಪಡಿಸಿ ಓದುವುದೇ ಎರಡಕ್ಕೂ ನ್ಯಾಯ ಸಲ್ಲಿಸುವ ಮಾರ್ಗ.